ಹೊಟ್ಟೆ ಸೀಳಿದ ದ

ಗುಂಡ: ಕಾಪಿ ಪುಸ್ತಕ ಇನ್ನೂ ಯಾಕೆ ಬೇಕು ಅಂತೀನಿ? ಬ್ರಹ್ಮ ಹಣೆಬರಹ ಕೈಯಲ್ಲಿ ಗೀಚಿದ್ದಕ್ಕೇ ಯಾರಿಗೂ ಓದೋಕಾಗ್ತಿಲ್ಲ. ಕಂಪ್ಯೂಟರಿನ ಕನ್ನಡ ತಂತ್ರಾಂಶ ‘ನುಡಿ’ಯಲ್ಲಿ ಕುಟ್ಟಿದ್ದಿದ್ರೆ ಪ್ರಿಂಟೇ ತಗೋಬಹುದಿತ್ತು.

ಸುಮಾ: ಹಳೇ ನುಡಿ ಫಾಂಟಲ್ಲೋ? ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ‘ನ’ ಜಾಗದಲ್ಲಿ ಪೌಂಡಿನ ಗುರುತು ಕೂತಿರುತ್ತೆ. ಹಣೇಲಿ ದುಡ್ಡು ಬರೆದಿದೆ ಅಂತ ಕುಣಿದಾಡ್ತೀಯ.

ಗುಂಡ: ಫಿನ್ಲೆಂಡಲ್ಲಿ ಕೈಬರಹವನ್ನೇ ಎತ್ತಿಬಿಟ್ರಂತೆ!

ಶ್ರೀನಿ: ಕಡ್ಡಾಯ ತೆಗೆದಿದ್ದು ಕೂಡುಬರಹಕ್ಕೆ ಮಾತ್ರ ಕಣೋ, 2016ರಲ್ಲಿ. ಬಿಡಿ ಅಕ್ಷರ ಈಗಲೂ ಬರೆಸ್ತಾರೆ, ಜೊತೆಗೆ ಟೈಪಿಂಗ್. ನಮ್ಮ ಹಳೇ ಕಡತಗಳ ಕೂಡುಬರಹ, ಆ ಮೋಡಿ ಅಕ್ಷರ, ಯಾರೂ ಎತ್ತದೇನೇ ಹೋಯ್ತು. ಅದಿರ್ಲಿ, ‘ಸೂರ್ಯ’ ಬರಿ ನೋಡೋಣ. ಕೈ ಮೊದಲು ಯ ಬರೆದು ಆಮೇಲೆ ಅರ್ಕಾವತ್ತು ಎಳೆಯುತ್ತೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ರ, ಸ್ವರ ತೆಗೆಯೋ ಹಲಂತ, ಆಮೇಲೆ ಯ. ಕೀಲಿ ಒತ್ತೋನು ಕಿವಿ ಮಾತು ಕೇಳ್ಬೇಕು, ಬರೆಯೋನು ಕಣ್ಣಿನ ಮಾತು. ಒಂದನ್ನೇ ಕಲಿತವನು ಇನ್ನೊಂದರಲ್ಲಿ ಎಡವೋದು ಇಲ್ಲೇ.

ಗುಂಡ: ಫೋನೇ ಪದ ಸೂಚಿಸುತ್ತಲ್ಲ?

ಸುಮಾ: ಅದೇ ತೊಂದರೆ. ‘ವಿದ್ಯಾ’ ಅನ್ನೋಷ್ಟರಲ್ಲಿ ‘ವಿದ್ಯಾರ್ಥಿ’ ಬಂದು ನಿಂತಿರುತ್ತೆ. ಥ ಯಾವುದು, ಧ ಯಾವುದು ಅಂತ ನೀನು ಯೋಚಿಸೋದೇ ಇಲ್ಲ. ಹಾಳೆ ಮೇಲಾದ್ರೆ ದ ಬರೆದು ಹೊಟ್ಟೆ ಸೀಳಿದ್ರೆ ಧ, ಅದರೊಳಗೊಂದು ಚುಕ್ಕಿ ಇಟ್ರೆ ಥ. ಸೀಳೋನೂ ನೀನೇ, ಇಡೋನೂ ನೀನೇ.

ಗುಂಡ: ಹೊಟ್ಟೆ ಸೀಳಿದ್ರೂ ಬದುಕಿದೆ ಅಂದ್ರೆ ಅದು ಮಹಾಪ್ರಾಣವೇ ಸರಿ!

ಶ್ರೀನಿ: ಟೈಪಿಂಗೂ ಸರಿಯಾಗಿ ಕಲೀಬೇಕು ಮತ್ತೆ. ಕೆ.ಪಿ. ರಾವ್ ಮಾಡಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಮೂಡಿಸೋ ಕೀಲಿ ಎಫ್. ಎಡಗೈ ತೋರುಬೆರಳು ಕೂರೋ ಜಾಗ, ತಡಕಿದ್ರೆ ಸಣ್ಣ ಉಬ್ಬು ಸಿಗುತ್ತೆ. ಒತ್ತಕ್ಷರಕ್ಕೆ ಬರವಿಲ್ಲದ ಭಾಷೆಗೆ ಹೇಳಿ ಮಾಡಿಸಿದ ಹಾಗಿದೆ. ಒಂದೇ ಬೆರಳಲ್ಲಿ ಕೀಲಿ ನೋಡ್ಕೊಂಡು ಕುಟ್ಟೋನು ಅದನ್ನ ಮರೀತಾನೆ, ‘ಅಕ್ಕ’ ಹೋಗಿ ‘ಅಕಕ’ ಬರುತ್ತೆ.

ಗುಂಡ: ಬರೆದ್ರೆ ಕೈ ನೋವು ಬರುತ್ತಲ್ಲ?

ಸುಮಾ: ಕತ್ತು ಹಿಸುಕೋ ಹಾಗೆ ಹಿಡಿದ್ರೆ ಬರುತ್ತೆ. ಮೊನೆಯಿಂದ ಸುಮಾರು ಒಂದು ಇಂಚು ಮೇಲೆ, ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದು ನಡುಬೆರಳ ಮೇಲೆ ಒರಗಿಸು. ಹಿಂದಿನಿಂದ ಯಾರಾದ್ರೂ ಎಳೆದ್ರೆ ಪೆನ್ಸಿಲ್ ಜಾರಿ ಬರ್ಬೇಕು. ಬರದಿದ್ರೆ ಹಿಡಿತ ಬಿಗಿ. ದಿನಾ 10 ನಿಮಿಷ ಸಾಕು. ಭಾನುವಾರ ಒಟ್ಟಿಗೆ 10 ಪುಟ ಬರೆಸಿದ್ರೆ ಮೂರನೇ ಪುಟಕ್ಕೇ ಕಾಗೆಕಾಲು ಗುಬ್ಬಿಕಾಲು.

ಗುಂಡ: ಅಷ್ಟು ಸಡಿಲ ಹಿಡಿದ್ರೆ ಕ್ಲಾಸಲ್ಲಿ ಯಾರಾದ್ರೂ ಕಿತ್ಕೊಂಡು ಹೋಗಲ್ವಾ?

ಶ್ರೀನಿ: ಕ್ಲಾಸಲ್ಲಿ ಪೆನ್ಸಿಲ್ ಹೋಗೋದು ಕಿತ್ಕೊಂಡಾಗಲ್ಲ ಕಣೋ, ‘ಒಂದ್ನಿಮಿಷ ಕೊಡೋ’ ಅಂದಾಗ.