ಗ್ರಾಫಿಕ್ಸ್ ಕಾರ್ಡಿನ ದೀಪ, ಪರದೆ, ಹೆಚ್ಚುವರಿ ವೇಗ: ಮಲೆನಾಡಿನಲ್ಲಿ ಬಳಸುತ್ತಿರುವವರ ಅನುಭವ

ಪ್ರಶ್ನೆ: ವಿನೋಬನಗರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮದುವೆ, ಗೃಹಪ್ರವೇಶಗಳ ವಿಡಿಯೋ ಸಂಕಲನ ನನ್ನ ಉದ್ಯೋಗ. ಈಚೆಗೆ ಮನೆಗಳ ಒಳಾಂಗಣದ ತ್ರೀಡಿ ಚಿತ್ರಗಳನ್ನೂ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಮಾಡಿಕೊಡುತ್ತಿದ್ದೇನೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 5070 ಟಿಐ ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಕೆಂದು ಅಂಗಡಿಗೆ ಹೋದಾಗ ಅದೇ ಚಿಪ್ ಇರುವ ಮೂರು ಕಾರ್ಡುಗಳನ್ನು ತೋರಿಸಿದರು. ಒಂದು ತೀರಾ ಸರಳ, ಇನ್ನೊಂದು ಮಧ್ಯಮ ಬೆಲೆಯದು, ಮೂರನೆಯದರಲ್ಲಿ ಬಣ್ಣದ ದೀಪಗಳು, ಬದಿಯಲ್ಲೊಂದು ಪುಟ್ಟ ಪರದೆ, ಕಾರ್ಖಾನೆಯಲ್ಲೇ ಏರಿಸಿದ ವೇಗ, ದಪ್ಪನೆಯ ಲೋಹದ ಬೆನ್ನುಹಲಗೆ ಎಲ್ಲವೂ ಇವೆ. ಮೊದಲನೆಯದಕ್ಕೂ ಮೂರನೆಯದಕ್ಕೂ ಹದಿನೈದು ಸಾವಿರ ರೂಪಾಯಿಗೂ ಮೀರಿದ ಅಂತರವಿದೆ. ಆ ಹಣ ಸಾರ್ಥಕವೇ? ಬಳಸಿದವರು ದಯವಿಟ್ಟು ತಿಳಿಸಿ.

ಸಾಗರದಿಂದ, ಮನೆ ವಿನ್ಯಾಸದ ಕೆಲಸ ಮಾಡುವವರು

ನಿಮ್ಮ ಕೆಲಸಕ್ಕೆ ಬೇಕಾದ ಮುಖ್ಯ ಗುಣಗಳೆಲ್ಲ ಚಿಪ್‌ನಲ್ಲಿವೆ, ಮತ್ತು ಆ ಚಿಪ್ ಮೂರೂ ಕಾರ್ಡುಗಳಲ್ಲಿ ಒಂದೇ. 16 ಜಿಬಿ ಜಿಡಿಡಿಆರ್7 ಮೆಮೊರಿ, ವಿಡಿಯೋ ಹೊರತೆಗೆಯುವಾಗ ನೆರವಾಗುವ ಎರಡು ಎನ್‌ಕೋಡರ್‌ಗಳು, ಬ್ಲೆಂಡರ್‌ನಲ್ಲಿ ಅಂತಿಮ ಚಿತ್ರ ಮೂಡಿಸುವ (ರೆಂಡರ್ ಮಾಡುವ) ಸೈಕಲ್ಸ್ ಎಂಬ ಭಾಗ ಬಳಸಿಕೊಳ್ಳುವ ಆಪ್ಟಿಕ್ಸ್ ಸೌಲಭ್ಯ, ಇವು ಸರಳ ಕಾರ್ಡಿನಲ್ಲೂ ಅಷ್ಟೇ ಇವೆ, ದುಬಾರಿ ಕಾರ್ಡಿನಲ್ಲೂ ಅಷ್ಟೇ ಇವೆ. ಈಗಿನ ಅನೇಕ ಕ್ಯಾಮೆರಾಗಳು 10 ಬಿಟ್ 4:2:2 ಎಂಬ, ಬಣ್ಣದ ವಿವರ ಹೆಚ್ಚಿರುವ ರೂಪದಲ್ಲಿ ಚಿತ್ರೀಕರಿಸುತ್ತವೆ. ಅದನ್ನು ಯಂತ್ರಾಂಶದ ಮಟ್ಟದಲ್ಲೇ ಬಿಡಿಸಿ ತೋರಿಸುವ ಶಕ್ತಿ ಎನ್‌ವಿಡಿಯಾದ ಹಿಂದಿನ ಸರಣಿಗಳಲ್ಲಿ ಇರಲಿಲ್ಲ, 5070 ಟಿಐ ಸೇರಿರುವ 50ರ ಸರಣಿಯಲ್ಲಿ ಬಂದಿದೆ. ಮದುವೆ ವಿಡಿಯೋ ಮಾಡುವವರಿಗೆ ಇದೇ ದೊಡ್ಡ ಲಾಭ, ಮತ್ತು ಇದಕ್ಕಾಗಿ ಮೂರನೆಯ ಕಾರ್ಡಿನ ಬೆಲೆ ತೆರಬೇಕಾಗಿಲ್ಲ.

ಕಾರ್ಖಾನೆಯಲ್ಲಿ ಏರಿಸಿದ ವೇಗದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಹೆಚ್ಚು ಒತ್ತಿ ಹೇಳುವುದು ಅದನ್ನೇ. ಈ ಚಿಪ್‌ಗೆ ಎನ್‌ವಿಡಿಯಾ ನಿಗದಿ ಮಾಡಿರುವ ಬೂಸ್ಟ್ ವೇಗ (ದುಡಿಯುವಾಗ ಏರುವ ವೇಗ) ಸುಮಾರು 2,450 ಮೆಗಾಹರ್ಟ್ಸ್. ಅದರ ಮೇಲೆ ತಯಾರಕರು ನೂರು, ನೂರೈವತ್ತು ಸೇರಿಸಿ ಪೆಟ್ಟಿಗೆಯ ಮೇಲೆ ‘ಓಸಿ’ (ಓವರ್‌ಕ್ಲಾಕ್, ಅಂದರೆ ಏರಿಸಿದ ವೇಗ) ಎಂದು ಅಚ್ಚು ಹಾಕುತ್ತಾರೆ. ಆದರೆ ಚಿಪ್ ತಣ್ಣಗಿದ್ದು ವಿದ್ಯುತ್ತಿನ ಮಿತಿಯೊಳಗಿದ್ದರೆ ಸರಳ ಕಾರ್ಡೂ ನಮೂದಿಸಿದ ವೇಗವನ್ನು ದಾಟಿ ತಾನಾಗಿಯೇ ಓಡುತ್ತದೆ, ಹಾಗಾಗಿ ಕೆಲಸದಲ್ಲಿ ಕಾಣುವ ವ್ಯತ್ಯಾಸ ಶೇಕಡ ಎರಡು ಮೂರರ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದು ಗಂಟೆಯ ರೆಂಡರ್ ಒಂದೆರಡು ನಿಮಿಷ ಮೊದಲು ಮುಗಿದರೆ ನಿಮ್ಮ ದಿನಚರಿ ಬದಲಾಗುವುದಿಲ್ಲ. ಅಷ್ಟು ಬೇಕೆನಿಸಿದರೂ ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಿಂದ ನೀವೇ ವೇಗವನ್ನು ಹೊಂದಿಸಿಕೊಳ್ಳಬಹುದು. ಅದು ಬೇರೆ ಕಂಪನಿಯ ಕಾರ್ಡಿನಲ್ಲೂ ಕೆಲಸ ಮಾಡುತ್ತದೆ.

ದೃಶ್ಯದ ಗಾತ್ರ ಮೆಮೊರಿಯನ್ನು ಮೀರಿದರೆ ಮಾತ್ರ ನಿಜವಾದ ತೊಂದರೆ ಎದುರಾಗುತ್ತದೆ. ಆಗ ರೆಂಡರ್ ತೀರಾ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ, ಮತ್ತು ಯಾವ ದೀಪವೂ ಯಾವ ಓಸಿಯೂ ಅಲ್ಲಿ ಸಹಾಯಕ್ಕೆ ಬಾರದು. ಇದನ್ನು ಓದುತ್ತಿರುವ ಬೇರೆಯವರು 12 ಜಿಬಿಯ 5070ರ ಅತಿ ದುಬಾರಿ ಮಾದರಿಗೂ 16 ಜಿಬಿಯ 5070 ಟಿಐಯ ಅತಿ ಸರಳ ಮಾದರಿಗೂ ನಡುವೆ ತೂಗಾಡುತ್ತಿದ್ದರೆ, ನನ್ನ ಮಟ್ಟಿಗೆ ಎರಡನೆಯದೇ ಸರಿ.

ಶಿವಮೊಗ್ಗ ದುರ್ಗಿಗುಡಿಯಿಂದ, ಕಂಪ್ಯೂಟರ್ ರಿಪೇರಿ ಮಾಡುವವರು

ಸಾಗರದ ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಎಲ್ಲ ಹೆಚ್ಚುವರಿಗಳನ್ನೂ ಒಂದೇ ಸಾಲಿಗೆ ಸೇರಿಸಬಾರದು. ದೊಡ್ಡ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಎಸಳುಗಳ ಭಾಗ) ಮತ್ತು ಮೂರು ಫ್ಯಾನುಗಳು ಶೋಕಿಗಲ್ಲ. ಈ ಕಾರ್ಡು ಪೂರ್ತಿ ದುಡಿದಾಗ 300 ವಾಟ್ ಶಾಖ ಹೊರಹಾಕುತ್ತದೆ, ಮತ್ತು ಅದೇ ಶಾಖವನ್ನು ದೊಡ್ಡ ಹೀಟ್‌ಸಿಂಕ್ ಕಡಿಮೆ ಸುತ್ತಿನ ಫ್ಯಾನಿನಿಂದ, ಅಂದರೆ ಕಡಿಮೆ ಸದ್ದಿನಲ್ಲಿ ತೆಗೆಯುತ್ತದೆ. ವಿಡಿಯೋಗೆ ಧ್ವನಿ ಹೊಂದಿಸುವ ಕೋಣೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕೆಲವು ಕಾರ್ಡುಗಳಲ್ಲಿ ಎರಡು ಬಯೋಸ್‌ಗಳ (ಕಾರ್ಡನ್ನು ಚಾಲೂ ಮಾಡಿ ನಡೆಸುವ ಒಳ ತಂತ್ರಾಂಶಗಳ) ನಡುವೆ ಬದಲಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಶಾಂತ ಸ್ಥಾನದಲ್ಲಿಟ್ಟರೆ ಸದ್ದು ಇನ್ನೂ ಇಳಿಯುತ್ತದೆ, ಒಂದು ಬಯೋಸ್ ಕೆಟ್ಟರೆ ಇನ್ನೊಂದರಿಂದ ಯಂತ್ರವನ್ನು ಚಾಲೂ ಮಾಡಬಹುದು. ರಿಪೇರಿಗೆ ಕೂರುವ ನನಗೆ ಆ ಸ್ವಿಚ್ಚಿನ ಮೇಲೆ ಬಹಳ ಗೌರವವಿದೆ.

ಪುಟ್ಟ ಪರದೆಯನ್ನು ಮಾತ್ರ ನಾನು ಬೇಡವೆಂದೇ ಹೇಳುತ್ತೇನೆ. ಅದು ತೋರಿಸುವ ಉಷ್ಣಾಂಶ, ಫ್ಯಾನ್ ವೇಗಗಳನ್ನು ನಿಮ್ಮ ಮುಂದಿನ ಮಾನಿಟರ್‌ನಲ್ಲೇ ನೋಡಬಹುದು. ಅದಕ್ಕೊಂದು ತಂತ್ರಾಂಶ ಸದಾ ಹಿನ್ನೆಲೆಯಲ್ಲಿ ಓಡುತ್ತಿರಬೇಕು, ಮತ್ತು ಕೆಡಬಹುದಾದ ಇನ್ನೊಂದು ಭಾಗ ಸೇರಿದಂತಾಗುತ್ತದೆ. ಪರದೆ ಕೆಟ್ಟಿತೆಂದು ವಾರಂಟಿಗೆ ಕಳಿಸಿದರೆ ಕಾರ್ಡೇ ಕೈಬಿಟ್ಟು ಹೋಗುತ್ತದೆ, ನಿಮ್ಮ ಕೆಲಸವೂ ಅಲ್ಲಿಯವರೆಗೆ ನಿಲ್ಲುತ್ತದೆ.

ದೊಡ್ಡ ಮಾದರಿಗಳು 35 ಸೆಂಟಿಮೀಟರ್ ಸಮೀಪದ ಉದ್ದವಿರುತ್ತವೆ. ಕ್ಯಾಬಿನೆಟ್ಟಿನ ಒಳ ಅಳತೆ ತೆಗೆಯದೆ ಕೊಳ್ಳಬೇಡಿ, ಮತ್ತು ಕಾರ್ಡು ಜೋತುಬೀಳದಂತೆ ಕೆಳಗೊಂದು ಆಧಾರ ಕೊಡಿ. ವಿದ್ಯುತ್ ಸಂಪರ್ಕದ 16 ಪಿನ್ನಿನ ಕನೆಕ್ಟರ್ ಕೊನೆಯವರೆಗೂ ಕೂತಿದೆಯೇ ಎಂದು ದೀಪ ಹಿಡಿದು ನೋಡಬೇಕು. 2022ರಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಕೆಲವು ಕನೆಕ್ಟರ್‌ಗಳು ಕರಗಿದ್ದಕ್ಕೆ ಸರಿಯಾಗಿ ಕೂರದಿರುವುದು ಒಂದು ಮುಖ್ಯ ಕಾರಣವಾಗಿತ್ತು.

ಭದ್ರಾವತಿಯಿಂದ, ಗೇಮಿಂಗ್ ಕೇಂದ್ರ ನಡೆಸುವವರು

ದೀಪಗಳ ಪರವಾಗಿ ಒಂದು ಮಾತು. ನನ್ನ ಕೇಂದ್ರಕ್ಕೆ ಬರುವ ಹುಡುಗರು ಬಣ್ಣದ ದೀಪವಿರುವ ಯಂತ್ರಗಳನ್ನೇ ಮೊದಲು ಕೇಳುತ್ತಾರೆ, ಆದ್ದರಿಂದ ನನಗೆ ಅದು ವ್ಯಾಪಾರದ ಖರ್ಚು, ಅದರಲ್ಲಿ ನನಗೆ ಸಂತೋಷವೂ ಇದೆ. ದೀಪಗಳು ತಿನ್ನುವ ವಿದ್ಯುತ್ ಕೆಲವೇ ವಾಟ್. ನಿಮ್ಮ ಸ್ಟುಡಿಯೋದಲ್ಲಿ ಗ್ರಾಹಕರು ಕೂತು ವಿಡಿಯೋ ನೋಡುವ ಏರ್ಪಾಡಿದ್ದರೆ ಯೋಚಿಸಬಹುದು. ಆದರೆ ಕ್ಯಾಬಿನೆಟ್ಟಿಗೆ ಪ್ರತ್ಯೇಕವಾಗಿ ಸಿಗುವ ದೀಪದ ಪಟ್ಟಿಯನ್ನು ಅಂಟಿಸಿದರೂ ಆ ಕಳೆ ಬರುತ್ತದೆ, ಅದಕ್ಕೆ ಖರ್ಚು ಬಹಳ ಕಡಿಮೆ.

ತೀರ್ಥಹಳ್ಳಿ, ಆಗುಂಬೆ ಕಡೆಯ ಹಳ್ಳಿಯಿಂದ

ನಾನು ತೋಟದ ಮನೆಯಲ್ಲಿ ಕೂತು ಆ್ಯನಿಮೇಷನ್ ಕೆಲಸ ಮಾಡುವವನು. ಮೇಲಿನ ಯಾರೂ ನಮ್ಮ ಹವೆಯ ಬಗ್ಗೆ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಆರಿದ್ರಾ ಹಿಡಿದರೆ ಆಶ್ಲೇಷಾ ಮುಗಿಯುವವರೆಗೆ ಬಟ್ಟೆ ಒಣಗುವುದಿಲ್ಲ, ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಬೋರ್ಡಿನ ಮೇಲೆ ಕೂತ ಧೂಳು ಆ ತೇವವನ್ನು ಹೀರಿಕೊಂಡಾಗ ಲೋಹದ ಕಾಲುಗಳಿಗೆ ಹಸಿರು ಕಿಲುಬು ಕಟ್ಟುತ್ತದೆ, ಮತ್ತು ತುಕ್ಕು ಕಂಡರೆ ವಾರಂಟಿ ನಿರಾಕರಿಸುವ ಷರತ್ತು ಸಾಮಾನ್ಯವಾಗಿ ಎಲ್ಲ ಕಡೆ ಇರುತ್ತದೆ. ಆದ್ದರಿಂದ ನಮ್ಮ ಕಡೆಯವರು ಹಣ ಕೊಡಬೇಕಾದ ಹೆಚ್ಚುವರಿ ಯಾವುದೆಂದರೆ ಬೋರ್ಡಿನ ಮೇಲಿನ ರಕ್ಷಣಾ ಲೇಪನ. ಆಸುಸ್ ಕಂಪನಿಯ ಟಫ್ ಮಾದರಿಗಳಲ್ಲಿ 50ರ ಸರಣಿಗೆ ತೇವ ಮತ್ತು ಧೂಳಿನಿಂದ ಕಾಯುವ ಇಂಥ ಲೇಪನವಿದೆ. ಅದು ಹೊರಗೆ ಕಾಣುವಂಥದ್ದಲ್ಲ, ಆದ್ದರಿಂದ ಅಂಗಡಿಯಲ್ಲಿ ಕೇಳಿಯೇ ತಿಳಿಯಬೇಕು. ಕನೆಕ್ಟರ್‌ಗಳಿಗೆ ಮತ್ತು ಫ್ಯಾನುಗಳಿಗೆ ಅದು ರಕ್ಷಣೆ ಕೊಡುವುದಿಲ್ಲ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ಯಂತ್ರವನ್ನು ದಿನಕ್ಕೊಮ್ಮೆ ಚಾಲೂ ಮಾಡಿ ಬಿಸಿಯಾಗಲು ಬಿಡುವುದು ನನ್ನ ರೂಢಿ.

ದೀಪದ ಬಗ್ಗೆ ನನ್ನ ಆಕ್ಷೇಪ ಬೇರೆಯೇ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಹುಳುಗಳು ಬೆಳಕಿದ್ದಲ್ಲಿಗೆ ಮುತ್ತುತ್ತವೆ. ಮನೆಯ ದೀಪ ಆರಿಸಿ ಕೂತಾಗ ಕೋಣೆಯಲ್ಲಿ ಉರಿಯುವುದು ಮಾನಿಟರ್ ಮತ್ತು ಕ್ಯಾಬಿನೆಟ್ ಮಾತ್ರ, ಮತ್ತು ಕ್ಯಾಬಿನೆಟ್ಟಿನ ಫ್ಯಾನು ಗಾಳಿಯೊಂದಿಗೆ ಅವುಗಳನ್ನೂ ಎಳೆದುಕೊಳ್ಳುತ್ತದೆ. ರೆಕ್ಕೆಗಳು ಹೀಟ್‌ಸಿಂಕಿನ ಎಸಳುಗಳ ನಡುವೆ ಸಿಕ್ಕಿಕೊಂಡರೆ ತೆಗೆಯುವುದು ಬಹಳ ಕಷ್ಟ. ನಗರದ ಮೂರನೆಯ ಮಹಡಿಯವರಿಗೆ ಇದು ಸಣ್ಣ ವಿಷಯವಾಗಿರಬಹುದು. ತೋಟದ ಅಂಚಿನ ಹಂಚಿನ ಮನೆಯವರು ದಟ್ಟವಾದ ಜಾಲರಿಯ ಫಿಲ್ಟರ್ ಹಾಕಿಸಿ, ದೀಪವನ್ನು ಪೂರ್ತಿ ಆರಿಸಿಡಲು ಬರುವ ಕಾರ್ಡನ್ನೇ ಆರಿಸಿಕೊಳ್ಳಬೇಕು.

ವಿನೋಬನಗರದಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಮಧ್ಯಮ ಬೆಲೆಯ, ಲೇಪನವಿರುವ ಮಾದರಿಯ ಕಡೆಗೆ ಮನಸ್ಸು ವಾಲಿದೆ. ಇನ್ನೊಂದು ಪ್ರಶ್ನೆ: ನಮ್ಮಲ್ಲಿ ಆಗಾಗ ಕರೆಂಟು ಹೋಗಿ ಬರುತ್ತದೆ. ಈಗಿರುವ 600 ವಿಎ ಯುಪಿಎಸ್ ಸಾಕಾಗುವುದೇ?

ತೀರ್ಥಹಳ್ಳಿ ಕಡೆಯಿಂದ ಉತ್ತರ

ಸಾಕಾಗುವುದಿಲ್ಲ ಸರ್. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್ ಅಷ್ಟೇ. ಕಾರ್ಡೊಂದೇ 300 ವಾಟ್ ಎಳೆಯುವಾಗ ಪ್ರೊಸೆಸರ್ ಮತ್ತು ಮಾನಿಟರ್ ಸೇರಿ 500 ವಾಟ್ ಆಸುಪಾಸಿಗೆ ಬರುತ್ತದೆ, ಕರೆಂಟು ಹೋದ ಕ್ಷಣದಲ್ಲೇ ಯುಪಿಎಸ್ ಕೈಬಿಡುತ್ತದೆ. ಎನ್‌ವಿಡಿಯಾ ಈ ಕಾರ್ಡಿಗೆ 750 ವಾಟಿನ ಪವರ್ ಸಪ್ಲೈ ಸೂಚಿಸಿದೆ, ಅದನ್ನು ಮೊದಲು ನೋಡಿಕೊಳ್ಳಿ. ಮೂರನೆಯ ಕಾರ್ಡಿಗೆ ಕೊಡಬೇಕೆಂದಿದ್ದ ಹೆಚ್ಚಿನ ಹಣದಲ್ಲಿ 1,500 ವಿಎ ಆಸುಪಾಸಿನ ಯುಪಿಎಸ್ ತೆಗೆದುಕೊಳ್ಳಿ, ವಾಟ್ ಎಷ್ಟೆಂದು ಅದರ ಬೆನ್ನಿನ ಚೀಟಿಯಲ್ಲಿ ಓದಿಯೇ ಕೊಳ್ಳಿ. ಅದು ಬರುವವರೆಗೆ ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ಅದು ಬಿಡುವಷ್ಟು ಇಳಿಸಿಟ್ಟರೆ ಕಾರ್ಡು ಎಳೆಯುವ ವಿದ್ಯುತ್ ಕಡಿಮೆಯಾಗುತ್ತದೆ, ವೇಗದಲ್ಲಿ ಕಳೆದುಕೊಳ್ಳುವುದು ಕೆಲವೇ ಶೇಕಡ. ಆದರೂ ಹಳೆಯ ಯುಪಿಎಸ್ ಮೇಲೆ ದೊಡ್ಡ ರೆಂಡರ್ ಹಾಕಿ ಮಲಗಬೇಡಿ.