ಅಪ್‌ಡೇಟ್: ಲೋಗೋದಲ್ಲೇ ನಿಂತಿದ್ದ ಫೋನ್ ಆನ್ ಆಯ್ತು

ಲಿನೇಜ್‌ಓಎಸ್ (ಫೋನ್ ಕಂಪನಿಯ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳೋ ಉಚಿತ ಆಂಡ್ರಾಯ್ಡ್) ಹಾಕಿದ ಮೇಲೆ ಅಮ್ಮನ ಹಳೇ ಫೋನ್ ಲೋಗೋದಿಂದ ಮುಂದೆ ಹೋಗ್ತಿಲ್ಲ ಅಂತ ಹೋದ ವಾರ ಕೇಳಿದ್ದೆ. ಈಗ ಸರಿಯಾಯ್ತು! ಕ್ಯಾಶ್ (ತಾತ್ಕಾಲಿಕ ಫೈಲ್‌ಗಳು) ಅಳಿಸಿದೆ, ಕೇಬಲ್ ಬದಲಿಸಿದೆ, ಪ್ರಯೋಜನ ಆಗಲಿಲ್ಲ. ಕೆಲಸ ಮಾಡಿದ್ದು ರಿಕವರಿಯಲ್ಲಿ (ಫೋನ್ ಸರಿಪಡಿಸೋಕೆ ಇರೋ ಪ್ರತ್ಯೇಕ ಮೆನು) 'ಫಾರ್ಮ್ಯಾಟ್ ಡೇಟಾ', ಅಂದ್ರೆ ಡೇಟಾ ಪೂರ್ತಿ ಅಳಿಸೋದು, ಮಾಡಿ ಅಂದವರ ಸಲಹೆ. ಬೇರೆ ಸಾಫ್ಟ್‌ವೇರ್ ಹಾಕೋಕೆ ಅಂತ ಬೂಟ್‌ಲೋಡರ್ (ಫೋನ್ ಶುರು ಮಾಡೋ ಪ್ರೋಗ್ರಾಂ) ಅನ್‌ಲಾಕ್ ಮಾಡಿದಾಗಲೇ ಎಲ್ಲ ಅಳಿಸಿತ್ತಲ್ಲ, ಮತ್ತೆ ಯಾಕೆ ಅಂತ ಬಿಟ್ಟುಬಿಟ್ಟಿದ್ದೆ. ಆದರೆ ಆಮೇಲೆ ಹಳೇ ಸಾಫ್ಟ್‌ವೇರ್‌ನಲ್ಲೇ ಒಮ್ಮೆ ಆನ್ ಮಾಡಿದ್ದೆ. ಅದು ಎನ್‌ಕ್ರಿಪ್ಟ್ ಮಾಡಿಟ್ಟ (ಗುಪ್ತ ಸಂಕೇತಕ್ಕೆ ಬದಲಿಸಿಟ್ಟ) ಡೇಟಾ ಲಿನೇಜ್‌ಓಎಸ್‌ಗೆ ಓದೋಕೆ ಆಗ್ತಿರಲಿಲ್ಲ. ಆ ಸಲಹೆ ಕೊಟ್ಟವರಿಗೆ ಮನಸಾರೆ ಥ್ಯಾಂಕ್ಸ್.

ಇನ್ನೊಂದು ವಿಷಯ: ಸೈಡ್‌ಲೋಡ್ (ಕಂಪ್ಯೂಟರ್‌ನಿಂದ ಕೇಬಲ್ ಮೂಲಕ ಫೋನ್‌ಗೆ ಸಾಫ್ಟ್‌ವೇರ್ ಹಾಕೋದು) 47%ಗೆ ನಿಂತಾಗ ಎದೆ ಧಸಕ್ ಅಂತು. ಇನ್‌ಸ್ಟಾಲ್ ಸರಿಯಾಗಿ ಮುಗಿದಿದ್ರೂ ಕಂಪ್ಯೂಟರ್‌ನಲ್ಲಿ ಕೆಲವು ಸಲ ಹಾಗೇ ಕಾಣಿಸುತ್ತಂತೆ! ಗೂಗಲ್ ಆಪ್‌ಗಳು ಬೇಕಿದ್ರೆ ಲಿನೇಜ್‌ಓಎಸ್ ಮೊದಲ ಸಲ ಆನ್ ಆಗೋಕೂ ಮುಂಚೆನೇ ಹಾಕಿ.