ಎಂಟನೇ ಕ್ಲಾಸಿಗೆ ನೆನಪಿನ ಪ್ರಯೋಗ: ಯಾವುದು ಮಾಡಿಸಲಿ?

ಕುಂಬಳೆ ಟೀಚರ್:
ನಾನು ಕಾಸರಗೋಡಿನ ಕುಂಬಳೆ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ 31 ಮಕ್ಕಳು. ಮನೆಮಾತು ಕೆಲವರದ್ದು ತುಳು, ಕೆಲವರದ್ದು ಮಲಯಾಳ, ಬ್ಯಾರಿ, ಮರಾಟಿ, ಹವ್ಯಕ ಕನ್ನಡ. ಮೊನ್ನೆ ಪರೀಕ್ಷೆಯ ಪೇಪರ್ ಕೊಟ್ಟಾಗ ಒಬ್ಬಳು ಅತ್ತುಬಿಟ್ಟಳು. "ನಾಲ್ಕು ಸಲ ಓದಿದ್ದೆ ಟೀಚರ್, ನನ್ನ ತಲೆಯೇ ಸರಿ ಇಲ್ಲ" ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ. ನೆನಪು ಹೇಗೆ ಕೆಲಸ ಮಾಡುತ್ತದೆ ಅಂತ ಮಕ್ಕಳೇ ಮಾಡಿ ನೋಡಬೇಕು ಅಂತ ಆಸೆ.

ಒಂದು ಮಾಡಿದೆ. 15 ಪದ ಓದಿದೆ, ಎರಡು ಸೆಕೆಂಡಿಗೆ ಒಂದರಂತೆ. ಆಮೇಲೆ ನೆನಪಾದಷ್ಟು ಬರೆಯಿರಿ ಅಂದೆ. ಮೊದಲಿನ "ಅಡಿಕೆ", ಕೊನೆಯ "ದೋಣಿ" ಹೆಚ್ಚುಕಡಿಮೆ ಎಲ್ಲರ ಪೇಪರಿನಲ್ಲೂ ಇತ್ತು. ನಡುವಿನ "ಚಿಮಿಣಿ" ಬರೆದವರು ಐದೇ ಜನ. ಆದರೆ ಎರಡು ತೊಂದರೆ. ಕೆಲವರು ಪಕ್ಕದವರದ್ದು ನೋಡಿ ಬರೆದರು. ಮತ್ತೆ ನಾನು "ಬೆಕ್ಕು" ಅಂದದ್ದನ್ನು ಮೂವರು ಮನೆಮಾತಿನಲ್ಲಿ "ಪುಚ್ಚೆ" ಅಂತ ಬರೆದಿದ್ದಾರೆ. ಇದನ್ನು ಸರಿ ಅನ್ನಲೋ, ತಪ್ಪು ಅನ್ನಲೋ? ಒಂದು ಪೀರಿಯಡಿನಲ್ಲಿ ಮುಗಿಯುವ, ಬೋರ್ಡು ಪೇಪರಿನಲ್ಲೇ ಆಗುವ ಬೇರೆ ಪ್ರಯೋಗ ಇದ್ದರೆ ಹೇಳಿ.

ಉಪ್ಪಳದವಳು:
ಟೀಚರ್, "ಪುಚ್ಚೆ"ಯನ್ನು ದಯವಿಟ್ಟು ತಪ್ಪು ಅನ್ನಬೇಡಿ. ನಿಮ್ಮ ಇಡೀ ಪ್ರಯೋಗದಲ್ಲಿ ನನಗೆ ಜಾಸ್ತಿ ಖುಷಿಯಾದದ್ದು ಅದೇ. ಆ ಮಕ್ಕಳ ತಲೆಯಲ್ಲಿ ಉಳಿದದ್ದು ನೀವು ಹೇಳಿದ ಶಬ್ದ ಅಲ್ಲ, ಪ್ರಾಣಿ. ಬರೆಯುವಾಗ ಅದಕ್ಕೆ ಮನೆಯ ಹೆಸರು ಬಂತು. ನಾನು ಮನಶ್ಶಾಸ್ತ್ರ ಓದಿದವಳು. ಪುಸ್ತಕದಲ್ಲಿ ಇದನ್ನು ಪುಟಗಟ್ಟಲೆ ಓದಿದ್ದೆ, ನಿಮ್ಮ ಮಕ್ಕಳು ಒಂದೇ ಪದದಲ್ಲಿ ತೋರಿಸಿದ್ದಾರೆ.

ಅದೇ ಜಾಡಿನಲ್ಲಿ ಇದನ್ನು ಮಾಡಿಸಿ. ಮೋಡ, ಗುಡುಗು, ಮಿಂಚು, ಕೊಡೆ, ಕೆಸರು, ತೋಡು, ಕಪ್ಪೆ, ಒದ್ದೆ, ಗೊರಬೆ, ನೆರೆ, ಹನಿ, ಆಟಿ. ಇಷ್ಟು ಓದಿ, "ಮಳೆ" ಅಂತ ಮಾತ್ರ ಹೇಳಬೇಡಿ. ತುಂಬಾ ಮಕ್ಕಳು ಅದನ್ನೂ ಬರೆಯುತ್ತಾರೆ. ಡೀಸ್ ಅನ್ನುವವರು 1959ರಲ್ಲಿ ಇಂಥ ಪಟ್ಟಿ ಮಾಡಿದ್ದರು. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಅದನ್ನು ಮತ್ತೆ ಮಾಡಿ ನೋಡಿದರು. ಹೇಳದೇ ಇದ್ದ ಪದವನ್ನೂ ಜನ ಕೇಳಿದ್ದೇವೆ ಅಂತಲೇ ಗಟ್ಟಿಯಾಗಿ ಹೇಳಿದರು.

ನಿಮ್ಮ ಮೊದಲಿನ ಪಟ್ಟಿಯನ್ನೂ ಬಿಡಬೇಡಿ. ಬೇರೆ 15 ಪದ ಓದಿ, ಬರೆಯಲು ಬಿಡುವ ಮೊದಲು ಅರ್ಧ ನಿಮಿಷ 100ರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿ. ಕೊನೆಯ ಪದಗಳು ಜಾರಿಹೋಗುತ್ತವೆ, ಮೊದಲಿನವು ಉಳಿಯುತ್ತವೆ. ಕೊನೆಯವು ಆಗಷ್ಟೇ ಕಿವಿಗೆ ಬಿದ್ದವು, ಇನ್ನೂ ನೆಲೆ ನಿಂತಿರುವುದಿಲ್ಲ. ಓದುವಾಗ ಪೆನ್ನು ಎಲ್ಲರದ್ದೂ ಡೆಸ್ಕಿನ ಮೇಲಿರಲಿ. ಮಾರ್ಕಿಲ್ಲ ಅಂತ ಮೊದಲೇ ಹೇಳಿದರೆ ನೋಡಿ ಬರೆಯುವುದೂ ಕಮ್ಮಿಯಾಗುತ್ತದೆ.

ಬದಿಯಡ್ಕದ ಮಾಷ್ಟ್ರು:
ನಾನು ರಿಟೈರ್ ಆದವನು. ಇದನ್ನು ವರ್ಷ ವರ್ಷ ಮಾಡಿಸುತ್ತಿದ್ದೆ. 1 9 4 7 1 9 5 6 1 9 8 4. ಒಂದೊಂದೇ ಅಂಕೆಯಾಗಿ, ಒಂದೇ ಸ್ವರದಲ್ಲಿ ಓದಿ. ಹನ್ನೆರಡೂ ಬರೆಯುವವರು ಅಪರೂಪ. ಆಮೇಲೆ ಬೋರ್ಡಿನಲ್ಲಿ 1947, 1956, 1984 ಅಂತ ಬರೆಯಿರಿ. ಸ್ವಾತಂತ್ರ್ಯ ಬಂದ ವರ್ಷ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ, ಕಾಸರಗೋಡು ಜಿಲ್ಲೆಯಾದ ವರ್ಷ. ಹನ್ನೆರಡು ಅಂಕೆ ಮೂರು ಸಂಗತಿ ಆಯಿತು, ಒಬ್ಬರೂ ಮರೆಯುವುದಿಲ್ಲ. ಹೀಗೆ ಒಟ್ಟಿಗೆ ಸೇರಿಸಿದ್ದನ್ನು ಒಂದು ಗಂಟು ಅನ್ನೋಣ. ಒಂದು ಸಲಕ್ಕೆ ಸುಮಾರು ಏಳು ಗಂಟು ನೆನಪಿನಲ್ಲಿ ಹಿಡಿಯಬಹುದು ಅಂತ ಮನಶ್ಶಾಸ್ತ್ರದ ಜಾರ್ಜ್ ಮಿಲ್ಲರ್ ಬರೆದದ್ದೂ ಆ 1956ರಲ್ಲೇ. ಆಮೇಲೆ 2001ರಲ್ಲಿ ಕೋವನ್ ಅನ್ನುವವರು ನಾಲ್ಕರ ಆಸುಪಾಸು ಅಂದರು. ಗಂಟು ಎಷ್ಟು ದೊಡ್ಡದು ಅನ್ನುವುದು ನಮಗೆ ಮೊದಲೇ ಏನು ಗೊತ್ತಿದೆ ಅನ್ನುವುದರ ಮೇಲೆ.

ಹತ್ತು ರೂಪಾಯಿ ನೋಟನ್ನೂ ಬಳಸಿ. ಹಿಂಬದಿಯ ಪಟ್ಟಿಯಲ್ಲಿ ಎಷ್ಟು ಭಾಷೆ, ಕನ್ನಡ ಎಷ್ಟನೇ ಸಾಲು ಅಂತ ನೋಡದೇ ಬರೆಯಲಿ. ಭಾಷೆ 15, ಕನ್ನಡ ನಾಲ್ಕನೆಯದು, ಮಲಯಾಳ ಏಳನೆಯದು. ದಿನಾ ಕೈಯಲ್ಲಿ ಹಿಡಿದರೂ ಗಮನ ಕೊಡದ್ದು ಉಳಿಯುವುದಿಲ್ಲ ಅಲ್ವಾ.

ಆ ಹುಡುಗಿಗೆ ಒಂದು ಮಾತು ಹೇಳಿ ಟೀಚರ್. ನಾಲ್ಕು ಸಲ ಓದುವ ಬದಲು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಾದಷ್ಟು ಬರೆಯಲಿ.

ಉಪ್ಪಳದವಳು:
ಮಾಷ್ಟ್ರು ಹೇಳಿದ್ದು ಸರಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದೆ.

ಕುಂಬಳೆ ಟೀಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಳೆಯ ಪಟ್ಟಿ ಓದಿದೆ. ಬಂದದ್ದು 30 ಮಕ್ಕಳು, 17 ಜನ "ಮಳೆ" ಬರೆದಿದ್ದರು. ನಾನು ಹೇಳಲೇ ಇಲ್ಲ ಅಂದರೆ ಒಬ್ಬ ಹುಡುಗ ಒಪ್ಪಲೇ ಇಲ್ಲ. "ಹೇಳಿದ್ದೀರಿ ಟೀಚರ್, ಮಿಂಚು ಆದ ಮೇಲೆ" ಅಂದ. ಪಟ್ಟಿ ಕೈಗೆ ಕೊಟ್ಟೆ. ಬೆರಳಿಟ್ಟು ಮೇಲಿಂದ ಕೆಳಗೆ ಎರಡು ಸಲ ಹುಡುಕಿದ. ಕಡೆಗೆ ಮೆಲ್ಲಗೆ, "ಹಾಗಾದರೆ ನನಗೆ ಕೇಳಿಸಿದ್ದು ಎಲ್ಲಿಂದ?" ಅಂದ. ಇಡೀ ಕ್ಲಾಸು ಸುಮ್ಮನಾಯಿತು. ನಾಲ್ಕು ಸಲ ಓದಿದ ಹುಡುಗಿಯ ಪೇಪರಿನಲ್ಲೂ "ಮಳೆ" ಇತ್ತು. "ಎಲ್ಲರಿಗೂ ಹೀಗೆ ಆಗ್ತದಾ ಟೀಚರ್?" ಅಂತ ಕೇಳಿದಳು. ಕೈ ಎತ್ತಿದವರನ್ನು ನೀನೇ ಎಣಿಸು ಅಂದೆ. ಎದ್ದು ನಿಂತು ಎಣಿಸಿದಳು.

"ಪುಚ್ಚೆ"ಯನ್ನು ಸರಿ ಅಂತ ತಿದ್ದಿದ್ದೇನೆ. ಇವತ್ತು ಅರ್ಧ ಕ್ಲಾಸು ಪಾಠದ ಒಂದು ಪುಟವನ್ನು ಮತ್ತೆ ಮತ್ತೆ ಓದಿತು, ಉಳಿದರ್ಧ ಮುಚ್ಚಿ ಬರೆಯಿತು. ಆ ಹುಡುಗಿ ಮುಚ್ಚಿ ಬರೆದವರ ಸಾಲಿನಲ್ಲಿದ್ದಾಳೆ. ಬರುವ ಬುಧವಾರ ಕೇಳುತ್ತೇನೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.